ಒಂದು ಲೀಟರ್ ಹಾಲು ತಂಪಾಗಲು: ಗಡಿನಾಡಿನ ಹಾಲು ಸೊಸೈಟಿಯೊಂದರ ಕರೆಂಟಿನ ಪೂರ್ತಿ ಲೆಕ್ಕ

ಹಿನ್ನೆಲೆ

ಕೇರಳದ ಕಾಸರಗೋಡು ಜಿಲ್ಲೆಯ ಒಳನಾಡಿನ ಒಂದು ಹಾಲು ಸೊಸೈಟಿಯ ಪ್ರಕರಣ ಇದು. ಊರಿನ ಹೆಸರು, ಜನರ ಹೆಸರು ಇಲ್ಲಿ ಬರುವುದಿಲ್ಲ. ಗುರುತು ಸಿಗಬಾರದೆಂದು ಒಂದೆರಡು ವಿವರ ಬದಲಿಸಿದ್ದೇನೆ, ಸೊಸೈಟಿಯ ಅಂಕಿಗಳನ್ನು ದುಂಡಗೆ ಮಾಡಿದ್ದೇನೆ.

ಸೊಸೈಟಿ ಇರುವುದು ಅಡಿಕೆ ತೋಟಗಳ ನಡುವೆ. ಹಿಂದೆ ಮುರಕಲ್ಲಿನ (ಕೆಂಪುಕಲ್ಲಿನ) ಗುಡ್ಡೆ, ಗುಡ್ಡೆಯ ತಲೆಯಲ್ಲಿ ಪದವು, ಅಂದರೆ ಸಪಾಟಾದ ಕಲ್ಲುಬಯಲು, ಕೆಳಗೆ ತೋಡು, ಅಂದರೆ ಸಣ್ಣ ಹಳ್ಳ. ದಿನಕ್ಕೆ ಸುಮಾರು 1,500 ಲೀಟರ್ ಹಾಲು ಬರುತ್ತದೆ. ಬೆಳಗ್ಗೆ 900, ಸಂಜೆ 600. ಕರೆದ ಹಾಲು ಬಿಸಿಯಾಗಿಯೇ ಬರುತ್ತದೆ, ಅದನ್ನು ಬೇಗ 4 ಡಿಗ್ರಿಗೆ ಇಳಿಸಬೇಕು. ಅದಕ್ಕೆ ದೊಡ್ಡ ಸ್ಟೀಲ್ ಕೂಲರ್ ಇದೆ. ಅದೇ ಕಂಪೌಂಡಿನಲ್ಲಿ ಕೊಬ್ಬರಿ ಎಣ್ಣೆಯ ಒಂದು ಸಣ್ಣ ಮಿಲ್ಲು, ಒಂದು ಪಂಪು, ಆಫೀಸು, ಸಭೆ ನಡೆಸುವ ಹಾಲ್.

ವರ್ಷಕ್ಕೆ ಎಲ್ಲ ಸೇರಿ 36,000 ಯೂನಿಟ್ ಕರೆಂಟು ಬೇಕಾಗುತ್ತಿತ್ತು. ಅದರಲ್ಲಿ 33,000 ಲೈನಿನಿಂದ, ಉಳಿದ 3,000 ಜನರೇಟರಿನಿಂದ. ಜೂನ್, ಜುಲೈ, ಆಗಸ್ಟ್‌ನಲ್ಲಿ ತಂತಿಯ ಮೇಲೆ ಮರ ಬೀಳುವುದು ಇಲ್ಲಿ ಹೊಸ ಸುದ್ದಿಯಲ್ಲ. ಸಂಜೆ ಕರೆಂಟು ಹೋದರೆ 600 ಲೀಟರ್ ಹಾಲು ಕೈಯಲ್ಲಿ ಹಿಡಿದುಕೊಂಡು ಕೂರುವ ಹಾಗಿಲ್ಲ. ಜನರೇಟರ್ ಹಾಕಲೇಬೇಕು. ವರ್ಷಕ್ಕೆ 1,100 ಲೀಟರ್ ಡೀಸೆಲ್ ಹೋಗುತ್ತಿತ್ತು.

ಸಮಸ್ಯೆ ಎದ್ದದ್ದು ಎಲ್ಲಿ

ಒಬ್ಬ ಸೋಲಾರ್ ಗುತ್ತಿಗೆದಾರರು ಸೊಸೈಟಿಗೆ ಒಂದು ಪ್ರಸ್ತಾಪ ಕೊಟ್ಟರು. ಪದವಿನ ಮೇಲೆ ಸದಸ್ಯರೊಬ್ಬರ ಒಂದೂಕಾಲು ಎಕರೆ ಜಾಗ ಲೀಸಿಗೆ ಸಿಗುತ್ತಿತ್ತು. ಅಲ್ಲಿ 60 ಕಿಲೋವಾಟಿನ ಪ್ಯಾನೆಲ್, ಜೊತೆಗೆ ಸೀಸದ ಬ್ಯಾಟರಿಗಳ ಸಾಲು. ಬೇಕಾದಷ್ಟು ಬಳಸಿ ಉಳಿದದ್ದನ್ನು ಲೈನಿಗೆ ಕೊಡುವುದು. ಪ್ರಸ್ತಾಪದ ಕೊನೆಯ ಪುಟದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದಿತ್ತು: ಹೊಗೆ ಸೊನ್ನೆ, ವರ್ಷಕ್ಕೆ 58 ಟನ್ ಇಂಗಾಲದ ಡೈಆಕ್ಸೈಡ್ ಉಳಿತಾಯ.

ಆಡಳಿತ ಮಂಡಳಿಯಲ್ಲಿ ಎರಡು ಪಕ್ಷವಾಯಿತು. ಒಂದು ಪಕ್ಷಕ್ಕೆ ಇದು ಪುಣ್ಯದ ಕೆಲಸ. ಇನ್ನೊಂದು ಪಕ್ಷದ ಹಿರಿಯರೊಬ್ಬರು ಹೇಳಿದ್ದು ಹೀಗೆ: "ನಮ್ಮದು ಇಡುಕ್ಕಿ ಅಣೆಕಟ್ಟಿನ ನೀರಿನ ಕರೆಂಟು. ಅದೇ ಶುದ್ಧ. ಸುಮ್ನೆ ಗುಡ್ಡೆ ಯಾಕೆ ಹಾಳು ಮಾಡುವುದು?" ಜಗಳ ಮುಗಿಯಲಿಲ್ಲ. ಕೊನೆಗೆ ಅಧ್ಯಕ್ಷರು ನನಗೆ ಫೋನು ಮಾಡಿದರು. ನಾನು ಮೊದಲು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದವನು, ಈಗ ಕರೆಂಟಿನ ಲೆಕ್ಕ ನೋಡುವ ಕೆಲಸ ಮಾಡುತ್ತೇನೆ. "ಮಾಷ್ಟ್ರೇ, ಯಾವುದು ನಿಜವಾಗಿ ಕ್ಲೀನು ಅಂತ ಒಂದು ಲೆಕ್ಕ ಹಾಕಿ ಕೊಡಿ. ಒಂದೇ ಹಾಳೆಯಲ್ಲಿ" ಎಂದರು.

ಈ ಕೆಲಸಕ್ಕೆ ಒಂದು ಒಪ್ಪಿತ ದಾರಿ ಇದೆ. ಜೀವನಚಕ್ರ ಮೌಲ್ಯಮಾಪನ ಎನ್ನುತ್ತಾರೆ. ಐಎಸ್ಒ ಎಂಬ ಅಂತಾರಾಷ್ಟ್ರೀಯ ಮಾನದಂಡ ಸಂಸ್ಥೆಯ 14040 ಮತ್ತು 14044 ಎಂಬ 2006ರ ಎರಡು ಮಾನದಂಡಗಳು ಅದರ ಕ್ರಮ ಹೇಳುತ್ತವೆ. ಒಂದು ವಸ್ತು ಗಣಿಯಿಂದ ಹೊರಡುವಲ್ಲಿಂದ ಹಿಡಿದು ಗುಜರಿಗೆ ಹೋಗುವವರೆಗೆ ಏನೇನು ತಿನ್ನುತ್ತದೆ, ಏನೇನು ಉಗುಳುತ್ತದೆ ಎಂದು ಬರೆದಿಡುವುದು. ಮೊದಲು ಎರಡು ವಿಷಯ ತೀರ್ಮಾನಿಸಬೇಕು. ಯಾವ ಅಳತೆಯ ಮೇಲೆ ಹೋಲಿಸುತ್ತೇವೆ? ಲೆಕ್ಕದ ಬೇಲಿ ಎಲ್ಲಿ ಹಾಕುತ್ತೇವೆ? ಈ ಪ್ರಕರಣದಲ್ಲಿ ನನ್ನ ಲೆಕ್ಕ ತಿರುಗಿದ್ದೆಲ್ಲ ಈ ಎರಡರ ಸುತ್ತಲೇ.

ಮೊದಲ ಲೆಕ್ಕ

ಮೊದಲು ಅಳತೆಯನ್ನು ಒಂದು ಯೂನಿಟ್ ಕರೆಂಟು ಎಂದು ಇಟ್ಟೆ. ಎಲ್ಲರೂ ಇಡುವುದು ಹಾಗೆಯೇ. ಹವಾಮಾನ ಬದಲಾವಣೆಯ ಬಗ್ಗೆ ವಿಶ್ವಸಂಸ್ಥೆಯ ವಿಜ್ಞಾನಿಗಳ ಸಮಿತಿಯಾದ ಐಪಿಸಿಸಿಯ 2014ರ ವರದಿಯಲ್ಲಿ ಪ್ರತಿ ಯೂನಿಟ್‌ಗೆ ಹುಟ್ಟಿನಿಂದ ಕೊನೆಯವರೆಗಿನ ಇಂಗಾಲದ ಮಧ್ಯಮ ಅಂಕಿಗಳಿವೆ. ಕಲ್ಲಿದ್ದಲು 820 ಗ್ರಾಂ. ಅನಿಲ 490. ನೆಲದ ಮೇಲಿನ ದೊಡ್ಡ ಸೋಲಾರ್ 48, ಛಾವಣಿಯದ್ದು 41. ನೀರು 24. ಅಣು 12, ನೆಲದ ಮೇಲಿನ ಗಾಳಿಯಂತ್ರ 11.

ಈ ಅಂಕಿ ಹೇಳಿದ ಕೂಡಲೇ ಒಂದು ವಿಷಯ ಎಲ್ಲರಿಗೂ ಹೊಳೆಯಿತು. ಸೋಲಾರ್ ಸೊನ್ನೆಯಲ್ಲ. ಸಿಲಿಕಾನ್ ಕಾಯಿಸಿ ಶುದ್ಧ ಮಾಡಲು ತುಂಬ ಕರೆಂಟು ಬೇಕು. ಪ್ಯಾನೆಲ್ ಜಾಸ್ತಿ ತಯಾರಾಗುವುದು ಚೀನಾದಲ್ಲಿ, ಅಲ್ಲಿ ಆ ಕರೆಂಟಿನ ದೊಡ್ಡ ಪಾಲು ಕಲ್ಲಿದ್ದಲಿನದು. ಹೊಗೆ ಇಲ್ಲಿ ಕಾಣುವುದಿಲ್ಲ, ಅಲ್ಲಿ ಎದ್ದಿರುತ್ತದೆ. ಚೌಕಟ್ಟಿನ ಅಲ್ಯೂಮಿನಿಯಂ, ಗಾಜು, ಕಬ್ಬಿಣದ ಸ್ಟ್ಯಾಂಡ್ ಎಲ್ಲ ಸೇರಿಸಿ ಒಂದು ಕಿಲೋವಾಟಿಗೆ ಸುಮಾರು 1,300 ಕೆಜಿ ಇಂಗಾಲದ ಡೈಆಕ್ಸೈಡ್ ಎಂದು ಹಿಡಿದೆ. ನಮ್ಮಲ್ಲಿ ಒಂದು ಕಿಲೋವಾಟ್ ವರ್ಷಕ್ಕೆ 1,350 ಯೂನಿಟ್ ಕೊಟ್ಟರೆ, ಆ ಇಂಗಾಲದ ಸಾಲ ಒಂದೂವರೆ ವರ್ಷದ ಒಳಗೆ ತೀರುತ್ತದೆ. ಉಳಿದ ವರ್ಷಗಳೆಲ್ಲ ಲಾಭ. ಹಾಗಾಗಿ "ಸೊನ್ನೆ" ಸುಳ್ಳು, ಆದರೆ ಸೋಲಾರ್ ಬೇಡ ಎನ್ನಲು ಅದು ಕಾರಣವೂ ಅಲ್ಲ.

ಇಡುಕ್ಕಿಯ ಮಾತಿಗೆ ಸ್ವಲ್ಪ ಹೊತ್ತು ಬೇಕಾಯಿತು. ಕೇರಳದಲ್ಲಿ ಕಲ್ಲಿದ್ದಲಿನ ಸ್ಥಾವರ ಒಂದೂ ಇಲ್ಲ ಎನ್ನುವುದು ನಿಜ. 1976ರಲ್ಲಿ ಶುರುವಾದ ಇಡುಕ್ಕಿ 780 ಮೆಗಾವಾಟಿನದು, ಅದೂ ನಿಜ. ಆದರೆ ಕೇರಳ ಬಳಸುವ ಕರೆಂಟಿನಲ್ಲಿ ಅರ್ಧಕ್ಕಿಂತ ಜಾಸ್ತಿ ಹೊರಗಿನಿಂದ ಬರುತ್ತದೆ. 2013ರ ಡಿಸೆಂಬರ್ 31ಕ್ಕೆ ದಕ್ಷಿಣದ ಜಾಲ ದೇಶದ ಜಾಲಕ್ಕೆ ಸೇರಿದ ಮೇಲೆ ಎಲ್ಲ ಒಂದೇ ಕೆರೆಯ ನೀರಿನ ಹಾಗೆ. ನಮ್ಮ ಕೂಲರ್ ಒಂದು ಯೂನಿಟ್ ಹೆಚ್ಚು ಎಳೆದರೆ ಇಡುಕ್ಕಿಯ ಅಣೆಕಟ್ಟೆಯಲ್ಲಿ ನೀರೇನೂ ಹೆಚ್ಚುವುದಿಲ್ಲ, ಎಲ್ಲೋ ದೂರದಲ್ಲಿ ಕಲ್ಲಿದ್ದಲು ಹೆಚ್ಚು ಉರಿಯುತ್ತದೆ. ಕೇಂದ್ರ ವಿದ್ಯುತ್ ಪ್ರಾಧಿಕಾರದ ಲೆಕ್ಕದಲ್ಲಿ ದೇಶದ ಜಾಲದ ಸರಾಸರಿ ಯೂನಿಟ್‌ಗೆ ಸುಮಾರು 0.72 ಕೆಜಿ. ಅದೂ ಚಿಮಣಿಯ ಹೊಗೆ ಮಾತ್ರ. ತಂತಿಯಲ್ಲಿ ಹತ್ತರಲ್ಲಿ ಒಂದು ಪಾಲು ಹೋಗುತ್ತದೆ ಎಂದು ಹಿಡಿದರೆ 0.80. ಕಲ್ಲಿದ್ದಲು ಅಗೆಯುವುದು, ರೈಲಿನಲ್ಲಿ ತರುವುದು ಸೇರಿಸಿದರೆ 0.85ರ ಹತ್ತಿರ.

ಡೀಸೆಲ್ಲಿನದು ಇನ್ನೂ ಕೆಟ್ಟದ್ದು. ಲೀಟರಿಗೆ ಉರಿದಾಗ 2.7 ಕೆಜಿ, ಎಣ್ಣೆ ತೆಗೆದು ಶುದ್ಧ ಮಾಡಿ ತರುವುದೂ ಸೇರಿ ಮೂರೂಕಾಲು. ಸೊಸೈಟಿಯ ಜನರೇಟರ್ ಅಗತ್ಯಕ್ಕಿಂತ ದೊಡ್ಡದು. ಅರ್ಧ ಭಾರದಲ್ಲಿ ಓಡಿ ಲೀಟರಿಗೆ ಮೂರು ಯೂನಿಟ್ ಕೂಡ ಕೊಡುತ್ತಿರಲಿಲ್ಲ. ಹಾಗಾಗಿ ಯೂನಿಟ್‌ಗೆ 1.2 ಕೆಜಿ. ಎಲ್ಲ ಕೂಡಿಸಿದರೆ ಸೊಸೈಟಿಯ ಕರೆಂಟಿನಿಂದ ವರ್ಷಕ್ಕೆ ಸುಮಾರು 31 ಟನ್ ಚಿಲ್ಲರೆ.

ಅಧ್ಯಕ್ಷರು ಒಂದೇ ಹಾಳೆ ಕೇಳಿದ್ದರಲ್ಲ, ಹಾಗಾಗಿ ನಾನು ಎಲ್ಲ ಆಯ್ಕೆಗಳಿಗೂ ನೂರಕ್ಕೆ ಇಷ್ಟು ಎಂದು ಅಂಕ ಕೊಟ್ಟೆ. ಇಂಗಾಲಕ್ಕೆ 50, ನೀರಿಗೆ 20, ಜಾಗಕ್ಕೆ 15, ಕಸಕ್ಕೆ 15. ಪದವಿನ 60 ಕಿಲೋವಾಟ್ ಮೊದಲ ಸ್ಥಾನಕ್ಕೆ ಬಂತು. ಸೊಸೈಟಿಯ ಛಾವಣಿಗಳ ಮೇಲೆ ಸೋಲಾರ್ ಎರಡನೆಯದು. ತೋಡಿನ ನೀರಿನಿಂದ ಕರೆಂಟು ಮಾಡುವ ಸಣ್ಣ ಟರ್ಬೈನ್ ಮೂರನೆಯದು.

ಆ ಐವತ್ತು ಯಾರು ಕೊಟ್ಟದ್ದು

ಹಾಳೆಯನ್ನು ಸಭೆಯಲ್ಲಿ ಓದಿದೆ. ಹಿಂದಿನ ಸಾಲಿನಲ್ಲಿ ಒಬ್ಬರು ಎದ್ದು ನಿಂತರು. ವಯಸ್ಸು ಎಪ್ಪತ್ತು ದಾಟಿದೆ, ಹರೆಯದಲ್ಲಿ ಸುರಂಗ, ಅಂದರೆ ನೀರಿಗಾಗಿ ಗುಡ್ಡೆಯೊಳಗೆ ಅಡ್ಡಕ್ಕೆ ಕೊರೆಯುವ ಬಾವಿ, ತೋಡುವ ಕೆಲಸ ಮಾಡಿದವರು. "ಮಾಷ್ಟ್ರೇ, ನೀರಿಗೆ ಇಪ್ಪತ್ತು, ಹೊಗೆಗೆ ಐವತ್ತು ಅಂತ ಇಟ್ಟಿದ್ದೀರಿ. ಆ ಐವತ್ತು ಯಾರು ಕೊಟ್ಟದ್ದು?"

ನಾನೇ ಕೊಟ್ಟದ್ದು. ಬೇರೆ ಉತ್ತರ ಇರಲಿಲ್ಲ. ವಿಜ್ಞಾನದ ಯಾವ ಸೂತ್ರದಿಂದಲೂ ಆ ಐವತ್ತು ಬರುವುದಿಲ್ಲ. ಸಾರ್ವಜನಿಕರ ಮುಂದೆ ಒಂದನ್ನು ಇನ್ನೊಂದಕ್ಕಿಂತ ಮೇಲು ಎಂದು ಹೇಳುವ ಹೋಲಿಕೆಯಲ್ಲಿ ಹೀಗೆ ತೂಕ ಹಾಕಿ ಒಂದೇ ಅಂಕ ಮಾಡಬಾರದು ಎಂದು ಐಎಸ್ಒ 14044 ಸ್ಪಷ್ಟವಾಗಿಯೇ ಹೇಳುತ್ತದೆ. ನಾನು ಅದನ್ನು ಓದಿದ್ದೆ, ಪಾಠವೂ ಮಾಡಿದ್ದೆ. ಒಂದೇ ಹಾಳೆ ಎಂಬ ಒತ್ತಾಯಕ್ಕೆ ಬಗ್ಗಿದ್ದು ನನ್ನ ತಪ್ಪು.

ಅವರು ಅಲ್ಲಿಗೆ ನಿಲ್ಲಿಸಲಿಲ್ಲ. "ಜೂನಿನಲ್ಲಿ ಒಮ್ಮೆ ಪದವಿಗೆ ಬನ್ನಿ, ತೋರಿಸ್ತೇನೆ" ಎಂದರು. ಹೋದೆ.

ಮಳೆಗಾಲದ ಪದವನ್ನು ನೋಡದವರಿಗೆ ಅದೊಂದು ಬರಡು ಬಂಡೆ. ಬೇಸಿಗೆಯಲ್ಲಿ ಕಾಲು ಸುಡುವ ಕಪ್ಪು ಮುರ, ಒಣಗಿದ ಹುಲ್ಲು, ಅಷ್ಟೇ. ನಾನು ಮೊದಲ ಸಲ ಜಾಗ ನೋಡಿದ್ದು ಮಾರ್ಚಿನಲ್ಲಿ. ನನ್ನ ಟಿಪ್ಪಣಿಯಲ್ಲಿ "ಉಪಯೋಗವಿಲ್ಲದ ಜಾಗ" ಎಂದು ಬರೆದುಕೊಂಡಿದ್ದೆ. ಜೂನಿನ ಕೊನೆಯಲ್ಲಿ ಹೋದಾಗ ಅದೇ ಕಲ್ಲಿನ ಮೇಲೆ ಪಾದ ಮುಳುಗುವಷ್ಟು ನೀರು. ತಗ್ಗುಗಳೆಲ್ಲ ಪಳ್ಳಗಳಾಗಿದ್ದವು. ಕಲ್ಲಿನ ಬಿರುಕುಗಳಲ್ಲಿ ಬೆರಳುದ್ದದ ಹುಲ್ಲು, ಅದರ ನಡುವೆ ಗುಂಡುಸೂಜಿಯ ತಲೆಯಂಥ ಬಿಳಿ ಹೂಗಳು. ನಾಲ್ಕೈದು ಗಿಡ್ಡ ದನಗಳು ಮೇಯುತ್ತಿದ್ದವು. ಕಾಸರಗೋಡು ಗಿಡ್ಡ ಎಂದು ಕರೆಯುವ ನಮ್ಮ ಊರ ತಳಿ ಅದು.

ಹಿರಿಯರು ಒಂದು ಪಳ್ಳದ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಒಂದು ಒಣ ಎಲೆಯನ್ನು ನೀರಿನ ಮೇಲೆ ಬಿಟ್ಟರು. ಎಲೆ ಮೆಲ್ಲಗೆ ಸುತ್ತುತ್ತ ಹೋಗಿ ಒಂದು ಬಿರುಕಿನ ಹತ್ತಿರ ನಿಂತಿತು, ಮತ್ತೆ ಅಲ್ಲೇ ತಿರುಗತೊಡಗಿತು. ನೀರು ಅಲ್ಲಿ ಕೆಳಗೆ ಇಳಿಯುತ್ತಿತ್ತು. "ಇದೇ ನೀರು ಫೆಬ್ರವರಿಯಲ್ಲಿ ಕೆಳಗಿನ ಮೂರು ಸುರಂಗದಲ್ಲಿ ಬರುವುದು" ಎಂದರು. ಆ ಮೂರರಲ್ಲಿ ಒಂದನ್ನು ಅವರೇ ತೋಡಿದ್ದು. ಪಿಕಾಸಿ ಹಿಡಿದು, ಬಗ್ಗಿ, ಗುಡ್ಡೆಯ ಹೊಟ್ಟೆಯೊಳಗೆ ಅಡ್ಡಕ್ಕೆ. ಅದರ ನೀರು ಇವತ್ತಿಗೂ ಎರಡು ಮನೆಗೆ, ಒಂದು ತೋಟಕ್ಕೆ ಸಾಕಾಗುತ್ತದೆ. ಪಂಪು ಬೇಡ, ಕರೆಂಟು ಬೇಡ.

ಗುತ್ತಿಗೆದಾರರ ನಕ್ಷೆಯಲ್ಲಿ ಆ ಜಾಗವನ್ನು ಜೆಸಿಬಿಯಿಂದ ಸಮ ಮಾಡಿ, ಜಲ್ಲಿ ಹಾಸಿ, ಸುತ್ತ ಚರಂಡಿ ತೆಗೆದು ನೀರನ್ನು ಬೇಗ ಹೊರಗೆ ಬಿಡುವ ಯೋಜನೆ ಇತ್ತು. ಪ್ಯಾನೆಲ್ಲಿಗೆ ಅದು ಒಳ್ಳೆಯದೇ. ಸುರಂಗಕ್ಕೆ ಅಲ್ಲ. ಎಷ್ಟು ನೀರು ಕಡಿಮೆಯಾಗುತ್ತದೆ ಎಂದು ನಾನು ಅಂಕಿ ಕೊಡಲಾರದವನಾಗಿದ್ದೆ. ಅದಕ್ಕೆ ವರ್ಷಗಟ್ಟಲೆ ಅಳತೆ ಬೇಕು. ಆದರೆ ಅಂಕಿ ಇಲ್ಲ ಎಂದ ಮಾತ್ರಕ್ಕೆ ಅಲ್ಲಿ ಸೊನ್ನೆ ಹಾಕಿದ್ದು ಸರಿಯೇ? ನನ್ನ ಮೊದಲ ಹಾಳೆಯಲ್ಲಿ ನಾನು ಮಾಡಿದ್ದು ಅದನ್ನೇ. ನೀರಿನ ಕಾಲಂನಲ್ಲಿ ಪ್ಯಾನೆಲ್ ತೊಳೆಯುವ ನೀರು ಮಾತ್ರ ಇತ್ತು.

ಒಂದು ಮಾತು ಹೇಳಬೇಕು. ಇದೇ ಜಿಲ್ಲೆಯ ಪೈವಳಿಕೆಯಲ್ಲಿ 2020ರ ಕೊನೆಗೆ 50 ಮೆಗಾವಾಟಿನ ಸೋಲಾರ್ ಪಾರ್ಕು ಶುರುವಾಗಿದೆ. ದೇಶಕ್ಕೆ ಅಂಥದ್ದೂ ಬೇಕು. ಈ ಪ್ರಕರಣದಿಂದ ಪದವಿನ ಮೇಲೆ ಸೋಲಾರೇ ಕೂಡದು ಎಂದು ಯಾರೂ ತಿಳಿಯಬಾರದು. ಈ ಒಂದು ಪದವಿನ ಕೆಳಗೆ ಮೂರು ಸುರಂಗ ಇದ್ದವು. ಪ್ರಶ್ನೆ ಅದರದ್ದು.

ಅಳತೆ ಬದಲಾಯಿತು

ಎರಡನೇ ತಿರುವು ಬಂದದ್ದು ಬ್ಯಾಟರಿಯ ವಿಷಯದಲ್ಲಿ. ಲೈನಿಗೆ ಜೋಡಿಸಿದ ಸಾಮಾನ್ಯ ಸೋಲಾರ್, ಲೈನಿನ ಕರೆಂಟು ಹೋದರೆ ತಾನೂ ನಿಂತುಹೋಗುತ್ತದೆ. ಕಂಬದಲ್ಲಿ ಕೆಲಸ ಮಾಡುವ ಲೈನ್‌ಮನ್‌ಗೆ ಶಾಕ್ ಹೊಡೆಯಬಾರದೆಂದು ಇರುವ ವ್ಯವಸ್ಥೆ ಅದು. ಸದಸ್ಯರಲ್ಲಿ ಹೆಚ್ಚಿನವರಿಗೆ ಇದು ಗೊತ್ತೇ ಇರಲಿಲ್ಲ. ಪ್ಯಾನೆಲ್ ಬಂದರೆ ಜನರೇಟರ್ ಮಾರಬಹುದು ಎಂದುಕೊಂಡಿದ್ದರು. ಬ್ಯಾಟರಿ ಇಲ್ಲದೆ ಅದು ಆಗುವುದಿಲ್ಲ, ಮತ್ತೆ ಕರೆಂಟು ಬೇಕಾಗುವುದೂ ಸಂಜೆಗೆ.

ಸೀಸದ ಬ್ಯಾಟರಿ ನಮ್ಮ ಸೆಖೆಯಲ್ಲಿ ನಾಲ್ಕೈದು ವರ್ಷ ಬಂದರೆ ಹೆಚ್ಚು. 25 ವರ್ಷಕ್ಕೆ ಐದು ಸಲ ಹೊಸತು. ಹಳೆಯದು ಎಲ್ಲಿಗೆ ಹೋಗುತ್ತದೆ? 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ತಯಾರಕರೇ ಹಿಂದೆ ಪಡೆಯಬೇಕು. ಆದರೆ ಊರಿನಲ್ಲಿ ಗುಜರಿಯವರು ಜಾಸ್ತಿ ದುಡ್ಡು ಕೊಟ್ಟು ಒಯ್ಯುತ್ತಾರೆ. ಸೀಸವನ್ನು ತೆರೆದ ಒಲೆಯಲ್ಲಿ ಕರಗಿಸಿದರೆ ಅದರ ಹೊಗೆ, ಬೂದಿ ಮಕ್ಕಳ ಮೆದುಳಿಗೇ ಹೋಗುತ್ತದೆ. ಇಂಗಾಲದ ಲೆಕ್ಕದಲ್ಲಿ ಇದು ಕಾಣುವುದೇ ಇಲ್ಲ. ಲಿಥಿಯಂ ಹಾಕಬಹುದಿತ್ತು, ಆಯುಷ್ಯ ಹೆಚ್ಚು, ಬೆಲೆಯೂ ಹೆಚ್ಚು, ಅದನ್ನು ತಯಾರಿಸುವಾಗಿನ ಇಂಗಾಲವೂ ಕಡಿಮೆಯೇನಲ್ಲ.

ಈ ಚರ್ಚೆ ನಡೆಯುತ್ತಿದ್ದಾಗ ನನಗೆ ಅನಿಸಿತು: ಸೊಸೈಟಿಗೆ ಸಂಜೆ ಬೇಕಾದದ್ದು ಕರೆಂಟಲ್ಲ, ತಂಪು. ನಾನು ಲೆಕ್ಕವನ್ನು ಒಂದು ಯೂನಿಟ್ ಕರೆಂಟಿನ ಮೇಲೆ ಇಟ್ಟದ್ದರಿಂದ ಬ್ಯಾಟರಿ ಅನಿವಾರ್ಯವಾಗಿ ಕಂಡಿತ್ತು. ಒಂದು ಲೀಟರ್ ಹಾಲನ್ನು 4 ಡಿಗ್ರಿಗೆ ಇಳಿಸುವುದು ಎಂದು ಅಳತೆ ಬದಲಿಸಿದ ಕೂಡಲೇ ಬೇರೆ ದಾರಿ ತೆರೆಯಿತು. ಮಧ್ಯಾಹ್ನ ಬಿಸಿಲಿರುವಾಗ ಐಸ್ ಮಾಡಿಟ್ಟುಕೊಂಡು ಸಂಜೆಯ ಹಾಲನ್ನು ಅದರಿಂದ ತಂಪು ಮಾಡಬಹುದು. ಐಸ್ ಬ್ಯಾಂಕ್ ಟ್ಯಾಂಕ್ ಎನ್ನುವುದು ಡೈರಿಯವರಿಗೆ ಹೊಸದೇನಲ್ಲ.

ಲೆಕ್ಕ ಸರಳ. 600 ಲೀಟರ್ ಹಾಲು, 35ರಿಂದ 4 ಡಿಗ್ರಿ. ಒಂದು ಕೆಜಿ ಐಸ್ ಕರಗುವಾಗ 334 ಕಿಲೋಜೂಲ್ ಶಾಖ ಎಳೆದುಕೊಳ್ಳುತ್ತದೆ. 220 ಕೆಜಿ ಚಿಲ್ಲರೆ ಐಸ್ ಇದ್ದರೆ ಸಾಕು. ಸಂಜೆ ಕರೆಂಟು ಹೋದರೆ ತಣ್ಣೀರು ತಿರುಗಿಸುವ ಒಂದು ಪುಟ್ಟ ಪಂಪಿಗೆ ಮಾತ್ರ ಶಕ್ತಿ ಬೇಕು. ಅದಕ್ಕೆ ಸಣ್ಣ ಜನರೇಟರ್ ಧಾರಾಳ.

ಇದರಲ್ಲಿ ಕೊರತೆಯೂ ಇದೆ. ಐಸ್ ಮಾಡಲು ಯಂತ್ರ ಇನ್ನೂ ಕೆಳಗಿನ ಉಷ್ಣತೆಗೆ ಹೋಗಬೇಕು, ಹಾಗಾಗಿ ಕರೆಂಟು ಸ್ವಲ್ಪ ಜಾಸ್ತಿ ಎಳೆಯುತ್ತದೆ. ಯೂನಿಟ್ ಮಾತ್ರ ನೋಡುವವರಿಗೆ ಇದು ನಷ್ಟದ ಬಾಬತ್ತು. ಲೀಟರಿನ ಲೆಕ್ಕ ನೋಡಿದರೆ ಲಾಭ.

ಬಿಲ್ಲುಗಳ ಕಟ್ಟು

ಮೂರನೆಯದು ಯಾರೂ ಎಣಿಸದೇ ಇದ್ದದ್ದು. ಅಳತೆ ಬದಲಾದ ಮೇಲೆ ಕೂಲರಿನ ಖರ್ಚನ್ನೆಲ್ಲ ಮತ್ತೆ ನೋಡಬೇಕಾಯಿತು. ಆಫೀಸಿನಲ್ಲಿ ಲೆಕ್ಕ ಬರೆಯುವ ಅಕ್ಕ ಎರಡು ವರ್ಷದ ಬಿಲ್ಲುಗಳನ್ನು ತಂದು ಮೇಜಿನ ಮೇಲಿಟ್ಟರು. ಕರೆಂಟು ಬಿಲ್ಲು ಒಂದು ಕಟ್ಟು, ಡೀಸೆಲ್ಲಿನದು ಒಂದು ಕಟ್ಟು. ಮತ್ತೊಂದು ತೆಳ್ಳಗಿನ ಕಟ್ಟು ಅವರ ಕೈಯಲ್ಲೇ ಇತ್ತು. "ಗ್ಯಾಸ್ ತುಂಬಿಸಿದ ಬಿಲ್ಲು ಬೇಡ್ವಾ ನಿಮಗೆ?" ಎಂದು ಕೇಳಿದರು.

ಬೇಡ ಎನ್ನುವುದರಲ್ಲಿದ್ದೆ. ತಂಪು ಮಾಡಲು ಕೂಲರಿನ ಕೊಳವೆಯೊಳಗೆ ಸುತ್ತುವ ಆ ಗ್ಯಾಸಿಗೂ ಕರೆಂಟು ಎಲ್ಲಿಂದ ಬರುತ್ತದೆ ಎನ್ನುವುದಕ್ಕೂ ಸಂಬಂಧವಿಲ್ಲ, ಯಾವ ಆಯ್ಕೆಯಲ್ಲೂ ಅದು ಒಂದೇ. ಹೋಲಿಕೆಯಲ್ಲಿ ಎರಡೂ ಕಡೆ ಸಮನಾಗಿರುವುದನ್ನು ಬಿಟ್ಟುಬಿಡುವುದು ರೂಢಿ. ಆದರೂ ತೆಗೆದುಕೊಂಡು ನೋಡಿದೆ. ಎರಡು ವರ್ಷದಲ್ಲಿ ಮೂರು ಸಲ, ಒಟ್ಟು 3 ಕೆಜಿ. ಗ್ಯಾಸಿನ ಹೆಸರು ಆರ್-404ಎ.

ಆ ಗ್ಯಾಸ್ ಒಂದು ಕೆಜಿ ಗಾಳಿಗೆ ಸೇರಿದರೆ ನೂರು ವರ್ಷದಲ್ಲಿ ಭೂಮಿಯನ್ನು ಬಿಸಿ ಮಾಡುವುದು ಸುಮಾರು 3,900 ಕೆಜಿ ಇಂಗಾಲದ ಡೈಆಕ್ಸೈಡಿನಷ್ಟು. ಮೂರು ಕೆಜಿ ಎಂದರೆ ಹನ್ನೊಂದು ಮುಕ್ಕಾಲು ಟನ್. ವರ್ಷಕ್ಕೆ ಆರು ಟನ್ನಿನ ಹತ್ತಿರ. ಇಡೀ ವರ್ಷದ ಡೀಸೆಲ್ಲಿನದು ಮೂರೂವರೆ ಟನ್ ಮಾತ್ರ.

ಎಲ್ಲರೂ ಜನರೇಟರಿನ ಕಪ್ಪು ಹೊಗೆಯನ್ನೇ ನೋಡುತ್ತಿದ್ದರು. ಅದಕ್ಕಿಂತ ದೊಡ್ಡದು ಕೂಲರಿನ ಹಿಂದೆ, ತಾಮ್ರದ ಕೊಳವೆಯ ಒಂದು ಜೋಡಣೆಯಲ್ಲಿ, ಬಣ್ಣವಿಲ್ಲದೆ ಹೋಗುತ್ತಿತ್ತು. ಮೆಕ್ಯಾನಿಕ್ ಸಾಬೂನು ನೊರೆ ಹಚ್ಚಿ ತೋರಿಸಿದರು. ಒಂದೇ ಒಂದು ಗುಳ್ಳೆ ಮೆಲ್ಲಗೆ ಉಬ್ಬಿ ಒಡೆಯಿತು, ಮತ್ತೆ ಉಬ್ಬಿತು. ಜೋಡಣೆಯನ್ನು ಬೆಸೆದು ಸರಿ ಮಾಡಲು ಹೋದದ್ದು ಅರ್ಧ ದಿನ, 6,500 ರೂಪಾಯಿ. ಪ್ರಸ್ತಾಪದ ಯಾವ ಪುಟದಲ್ಲೂ ಇರದಿದ್ದ ಕೆಲಸ ಅದು.

ತೋಡಿನ ಟರ್ಬೈನ್

ಇದನ್ನು ಬೇಗ ಹೇಳಿ ಮುಗಿಸುತ್ತೇನೆ. ಐಪಿಸಿಸಿ ವರದಿಯಲ್ಲಿ ನೀರಿನ ಕರೆಂಟಿನ ಮಧ್ಯಮ 24 ಗ್ರಾಂ, ಆದರೆ ಅದರ ವ್ಯಾಪ್ತಿ 1ರಿಂದ 2,200ರವರೆಗೆ. ಕೆಲವು ಜಲಾಶಯಗಳಲ್ಲಿ ಮುಳುಗಿದ ಗಿಡಮರ ಕೊಳೆತು ಮೀಥೇನ್ ಬರುತ್ತದೆ. ನಮ್ಮ ತೋಡಿಗೆ ಆ ಚಿಂತೆ ಇಲ್ಲ, ಅಣೆಕಟ್ಟೇ ಬೇಡ. 12 ಮೀಟರ್ ಇಳಿಜಾರು, ಸೆಕೆಂಡಿಗೆ 20 ಲೀಟರ್ ನೀರು. ಕೈಗೆ ಸಿಗುವುದು ಒಂದು ಕಿಲೋವಾಟ್ ಚಿಲ್ಲರೆ, ಅದೂ ಐದು ತಿಂಗಳು. ಸೋಲಾರ್ ಸೊರಗುವ ತಿಂಗಳಲ್ಲೇ ತೋಡು ತುಂಬಿರುತ್ತದೆ ಎಂಬ ಒಂದು ಆಸೆ ನನಗಿತ್ತು. ಒಂದು ಮಳೆಗಾಲ ಸಣ್ಣ ಯಂತ್ರವನ್ನು ಎರವಲು ತಂದು ನೋಡಿದೆವು. ಅಡಿಕೆ ಹಾಳೆ, ಸೋಗೆ, ಕಸ ಬಂದು ಬಲೆಯ ಬಾಯಿ ದಿನಕ್ಕೆ ಎರಡು ಸಲ ಮುಚ್ಚಿತು. ಸುರಿಯುವ ಮಳೆಯಲ್ಲಿ ಇಳಿದು ತೆಗೆಯುವವರು ಯಾರು? ಕೈಬಿಟ್ಟೆವು.

ಕೊನೆಗೆ ಆದದ್ದು

ಎರಡನೇ ಸಲ ನಾನು ಒಂದೇ ಅಂಕದ ಹಾಳೆ ಕೊಡಲಿಲ್ಲ. ಇಂಗಾಲ, ಸುರಂಗದ ನೀರು, ಜಾಗ, ಸೀಸ, ಕೊನೆಗೆ ಉಳಿಯುವ ಕಸ, ಪ್ರತಿಯೊಂದಕ್ಕೂ ಬೇರೆ ಬೇರೆ ಸಾಲು. ಅಂಕಿ ಇಲ್ಲದ ಕಡೆ ಅಂಕಿ ಇಲ್ಲ ಎಂದೇ ಬರೆದೆ. ತೂಕ ಹಾಕುವುದು ಸಭೆಯ ಕೆಲಸವಾಯಿತು. ಮೂರು ಗಂಟೆ ಚರ್ಚೆ ನಡೆಯಿತು.

ಒಂದು ಸಂಗತಿಯನ್ನು ಸಭೆಗೆ ನೇರವಾಗಿ ಹೇಳಿದೆ. ಇಂಗಾಲ ಮಾತ್ರ ನೋಡಿದರೆ ಪದವಿನ 60 ಕಿಲೋವಾಟೇ ಗೆಲ್ಲುತ್ತದೆ. ಅದು ವರ್ಷಕ್ಕೆ 81,000 ಯೂನಿಟ್ ಕೊಡುತ್ತಿತ್ತು. ಛಾವಣಿಯಲ್ಲಿ ಹಿಡಿಸುವುದು 22 ಕಿಲೋವಾಟ್ ಮಾತ್ರ. ಪದವು ಬೇಡ ಎಂದರೆ ವರ್ಷಕ್ಕೆ 40 ಟನ್ನಿನಷ್ಟು ಉಳಿತಾಯವನ್ನು ಬಿಟ್ಟಂತೆ. ಆಗ ಒಬ್ಬ ಯುವ ಸದಸ್ಯೆ ಎದ್ದು, "ಆ 38 ಕಿಲೋವಾಟನ್ನು ನಮ್ಮ ನಮ್ಮ ಮನೆಯ ಛಾವಣಿಗೆ ಹಾಕಿದರೆ ಆಗೂದಿಲ್ವಾ?" ಎಂದಳು. ಮನೆಗೆ 3 ಕಿಲೋವಾಟ್ ಎಂದರೆ ಹದಿಮೂರು ಮನೆ. ಮನೆಯ ಛಾವಣಿಯ ಸೋಲಾರಿಗೆಂದು ಕೇಂದ್ರ ಸರಕಾರ 2024ರಲ್ಲಿ ತಂದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವಾಟಿಗೆ 78,000 ರೂಪಾಯಿ ಸಹಾಯಧನ ಇದೆ. ಈವರೆಗೆ ಒಂಬತ್ತು ಮನೆಗಳಲ್ಲಿ ಆಗಿದೆ.

ಸೊಸೈಟಿ ಮಿಲ್ಲಿನ ಮತ್ತು ಹಾಲ್‌ನ ಛಾವಣಿಗೆ 22 ಕಿಲೋವಾಟ್ ಹಾಕಿತು. ಬ್ಯಾಟರಿ ಇಲ್ಲ. ಐಸ್ ಬ್ಯಾಂಕ್ ಟ್ಯಾಂಕ್ ಬಂತು. ದೊಡ್ಡ ಜನರೇಟರ್ ಕೊಟ್ಟು ಚಿಕ್ಕದು ತಂದರು. ಮಿಲ್ಲಿನ ಶೀಟಿನ ಮಾಡು ಪ್ಯಾನೆಲ್ ಹೊರುವಷ್ಟು ಗಟ್ಟಿ ಇರಲಿಲ್ಲ, 1,400 ಕೆಜಿ ಕಬ್ಬಿಣ ಹೆಚ್ಚಿಗೆ ಹಾಕಬೇಕಾಯಿತು.

ಒಂದು ವರ್ಷ ಕಳೆದ ಮೇಲೆ ಮೀಟರ್ ನೋಡಿ ಮತ್ತೆ ಲೆಕ್ಕ ಹಾಕಿದೆ. ಕಿಲೋವಾಟಿಗೆ 1,350 ಎಂದು ಎಣಿಸಿದ್ದು 1,250 ಯೂನಿಟ್ ಬಂತು. ಮಳೆಗಾಲ ಉದ್ದವಾಯಿತು, ಸಂಜೆ ಹೊತ್ತಿಗೆ ತೆಂಗಿನ ಮರದ ನೆರಳು ಒಂದು ಸಾಲಿನ ಮೇಲೆ ಬೀಳುತ್ತದೆ, ಪ್ಯಾನೆಲ್ಲಿನ ಕೆಳ ಅಂಚಿನಲ್ಲಿ ಪಾಚಿ ಕಟ್ಟಿತ್ತು. ಆ ಕಬ್ಬಿಣವನ್ನೂ ಸೇರಿಸಿದರೆ ವರದಿಯ 41 ಗ್ರಾಂ ನಮ್ಮ ಮಾಡಿನ ಮೇಲೆ 50 ಗ್ರಾಂ ಆಯಿತು. ಲೈನಿನ 850ರ ಎದುರು ಅದು ಈಗಲೂ ತುಂಬ ಕಡಿಮೆ. ಆದರೆ ವರದಿಯ ಅಂಕಿಯನ್ನು ಹಾಗೆಯೇ ಎತ್ತಿ ತಂದು ನಮ್ಮೂರಿನದು ಎಂದು ಹೇಳಲಾಗುವುದಿಲ್ಲ.

ಡೀಸೆಲ್ 1,100 ಲೀಟರಿನಿಂದ 310ಕ್ಕೆ ಇಳಿಯಿತು. ಕೂಲರಿನ ಕರೆಂಟು ಮಾತ್ರ 14,000 ಯೂನಿಟ್‌ನಿಂದ 15,600ಕ್ಕೆ ಏರಿತು, ಐಸಿನ ಕಾರಣಕ್ಕೆ. ಗ್ಯಾಸ್ ಆ ವರ್ಷ ಒಮ್ಮೆಯೂ ತುಂಬಿಸಬೇಕಾಗಲಿಲ್ಲ. ಲೆಕ್ಕದ ಅಕ್ಕ ಈಗ ಗ್ಯಾಸಿಗೆ ಬೇರೆಯೇ ಒಂದು ಪುಟ ಇಟ್ಟಿದ್ದಾರೆ.

ಛಾವಣಿಯಲ್ಲಿ ಈಗ ನಲವತ್ತು ಪ್ಯಾನೆಲ್ ಇವೆ, ಒಂದೊಂದು ಸುಮಾರು 28 ಕೆಜಿ. 25 ವರ್ಷದ ನಂತರ ಒಂದು ಟನ್ನಿಗಿಂತ ಜಾಸ್ತಿ ಕಸ, ಹೆಚ್ಚಿನದು ಗಾಜು. 2022ರ ಇ-ತ್ಯಾಜ್ಯ ನಿಯಮದೊಳಗೆ ಸೋಲಾರ್ ಪ್ಯಾನೆಲ್ ಕೂಡ ಬರುತ್ತದೆ. ಹಳೆಯ ಪ್ಯಾನೆಲ್ಲನ್ನು ಯಾರು ಒಯ್ಯಬೇಕು ಎಂಬ ಸಾಲನ್ನು ಖರೀದಿ ಪತ್ರದಲ್ಲೇ ಬರೆಸಿಕೊಂಡೆವು. ಮೂವರು ಗುತ್ತಿಗೆದಾರರಲ್ಲಿ ಆ ಸಾಲಿಗೆ ಸಹಿ ಹಾಕಲು ಒಪ್ಪಿದವರು ಒಬ್ಬರೇ. ಕೆಲಸ ಅವರಿಗೇ ಹೋಯಿತು.

ಇನ್ನೂ ಮುಗಿಯದ ಒಂದು ವಿಷಯ

ಈ ಪ್ರಕರಣದಲ್ಲಿ ನನ್ನನ್ನು ಈಗಲೂ ಕಾಡುವುದು ಪದವಿನ ಸಾಲು. ಸೋಲಾರ್ ಹಾಕಿದರೆ ಏನಾಗುತ್ತದೆ ಎಂದು ಒಂದು ಕಡೆ ಬರೆದೆ. ಹಾಕದಿದ್ದರೆ ಪದವು ಇದ್ದ ಹಾಗೆಯೇ ಇರುತ್ತದೆ ಎಂದು ಇನ್ನೊಂದು ಕಡೆ ಬರೆದೆ. ಎರಡನೆಯದನ್ನು ನಾನು ಯಾರ ಹತ್ತಿರವೂ ಕೇಳಿರಲಿಲ್ಲ.

ಕಳೆದ ಚಳಿಗಾಲದಲ್ಲಿ ಜಾಗದ ಮಾಲೀಕರು ಸಿಕ್ಕಿದರು. ಮಗಳ ಮದುವೆ ಇದೆ, ಲೀಸಿನ ದುಡ್ಡು ಬರುತ್ತದೆಂದು ನೆಚ್ಚಿಕೊಂಡಿದ್ದರು. ಈಗ ಕೆಂಪುಕಲ್ಲಿನ ಕೋರೆಯವರು ಬಂದು ಕೇಳುತ್ತಿದ್ದಾರಂತೆ. ಕೋರೆಯಾದರೆ ಎರಡಾಳು ಆಳಕ್ಕೆ ಕಲ್ಲು ಕಡಿದು ಒಯ್ಯುತ್ತಾರೆ. ಪಳ್ಳವೂ ಉಳಿಯುವುದಿಲ್ಲ, ಬಿರುಕೂ ಉಳಿಯುವುದಿಲ್ಲ. ಅದರ ಎದುರು ಇಟ್ಟು ನೋಡಿದರೆ, ಜೆಸಿಬಿ ಇಲ್ಲದೆ, ನೆಲ ಸಮ ಮಾಡದೆ, ಕಲ್ಲಿಗೆ ತೂತು ಕೊರೆದು ಎತ್ತರದ ಕಂಬಗಳ ಮೇಲೆ ಕೂರಿಸಿದ ಸಣ್ಣ ಸೋಲಾರೇ ಸುರಂಗಗಳಿಗೆ ಒಳ್ಳೆಯದಾಗುತ್ತಿತ್ತೋ ಏನೋ. ಆ ಆಯ್ಕೆಯನ್ನು ನಾವು ಯಾರೂ ಹಾಳೆಯ ಮೇಲೆ ಬರೆದೇ ಇರಲಿಲ್ಲ.

ಅಧ್ಯಕ್ಷರಿಗೆ ತಿಳಿಸಿದೆ. ದನ ಮೇಯಿಸಲು ಸೊಸೈಟಿಯೇ ಆ ಜಾಗವನ್ನು ಬಾಡಿಗೆಗೆ ಹಿಡಿಯಬಹುದೇ, ಒಂದು ಮೂಲೆಯಲ್ಲಿ 10 ಕಿಲೋವಾಟ್ ಕಂಬದ ಮೇಲೆ ಹಾಕಬಹುದೇ ಎಂದು ಮುಂದಿನ ಮಹಾಸಭೆಯಲ್ಲಿ ಇಡುತ್ತಾರೆ. ಅದರ ಮೊದಲು ಮೂರು ಸುರಂಗಗಳ ನೀರನ್ನು ಅಳೆಯಲು ಶುರುಮಾಡಿದ್ದೇವೆ. ಹತ್ತು ಲೀಟರಿನ ಕೊಡ, ಒಂದು ಗಡಿಯಾರ, ತಿಂಗಳಿಗೆ ಎರಡು ಸಲ. ಅಳೆಯುವವರು ಆ ಹಿರಿಯರೇ. ಮೊದಲ ಸುರಂಗದಲ್ಲಿ ಫೆಬ್ರವರಿ 15ಕ್ಕೆ ಕೊಡ ತುಂಬಲು 52 ಸೆಕೆಂಡು ಹಿಡಿಯಿತು.